ಅಲಗು ದಾಟಿದ ಮೇಲೆ

“ಇವತ್ತಾದ್ರೂ ಉತ್ತರ ಹೇಳ್ತೀಯಾ?” ಬೆನ್ನುಚೀಲದ ಪಟ್ಟಿ ಬಿಗಿಯುತ್ತ ಬೆಹ್ರಂಗ್ ಕೇಳಿದ.

ಅಲ್ಬೋರ್ಜ್ ಬೆಟ್ಟದಲ್ಲಿ ಚಾರಣಿಗರು ತಂಗುವ ಕಲ್ಲುಮನೆಯ ಮುಂದೆ ಕುಳಿತು ತರ್ಲಾನ್ ಚಹಾದಲ್ಲಿ ಕಲ್ಲುಸಕ್ಕರೆ ಕದಡುತ್ತಿದ್ದಳು. “ಮೇಲೆ ಪೂರ್ತಿ ಸುತ್ತು ಹಾಕಿ ಇಲ್ಲಿಗೇ ಬರೋಣ. ಆಗ ಹೇಳ್ತೀನಿ.”

“ನಡುವೆ ಬಿದ್ದುಹೋದ್ರೆ?”

“ಮದುವೆ ಖರ್ಚು ಉಳೀತು.”

‘ಹೂಂ’ ಎನ್ನುವುದೆಂದು ಅವಳು ಆಗಲೇ ನಿರ್ಧರಿಸಿದ್ದಳು. ಅದನ್ನು ಕಣ್ಣಲ್ಲಿ ಬಚ್ಚಿಡುವುದೇ ಕಷ್ಟವಾಗಿತ್ತು.

ಏರುದಾರಿಯಲ್ಲಿ ಎದುರಾದವರಿಗೆಲ್ಲ ಅವಳು “ದಣಿವಾಗದಿರಲಿ” ಎನ್ನುತ್ತ ನಡೆದಳು.

“ನನಗೆ ಹೇಳಲ್ವಾ?”

“ಅದು ಗುರುತಿಲ್ಲದವರಿಗೆ, ಪೆದ್ದ.”

ಬೆಟ್ಟದ ನೆತ್ತಿಯಲ್ಲಿ ಅಲಗು ಎಂದು ಎಲ್ಲರೂ ಕರೆಯುವ ಜಾಗ. ಎರಡೂ ಕಡೆ ಪ್ರಪಾತ, ನಡುವೆ ಬೂಟಿನಷ್ಟೇ ಅಗಲದ ಬಂಡೆ. ತರ್ಲಾನ್ ದಾಟಿ ತಿರುಗಿ ನೋಡಿದಾಗ ಬೆಹ್ರಂಗ್ ಅರ್ಧದಲ್ಲಿ ಬಂಡೆಯನ್ನು ತಬ್ಬಿಕೊಂಡಿದ್ದ. ಕೆನ್ನೆ ಒದ್ದೆಯಾಗಿತ್ತು.

“ನನ್ನ ಕೈಲಾಗಲ್ಲ, ತರ್ಲಾನ್.”

ಅವಳು ತೆವಳಿಕೊಂಡು ಹಿಂದಕ್ಕೆ ಬಂದಳು. ಅವನ ಬೂಟನ್ನು ಹಿಡಿದು ಬಿರುಕಿನೊಳಗಿಟ್ಟಳು. “ಎರಡು ಕೈ, ಒಂದು ಕಾಲು ಗಟ್ಟಿ ಊರು. ಇನ್ನೊಂದು ಕಾಲಷ್ಟೇ ಎತ್ತು. ನನ್ನನ್ನೇ ನೋಡು, ಜಾನ್.”

‘ಜಾನ್’ ಎಂಬ ಆ ಮುದ್ದಿನ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅವನ ಬಿಸಿಯುಸಿರು ಮಣಿಕಟ್ಟಿಗೆ ತಾಕಿತು. ಅವನ ಭಯವೂ ಅವಳಿಗೆ ಚೆಂದ ಕಂಡಿತು.

ಆಚೆ, ಬಂಡೆಯ ಮರೆಯಲ್ಲಿ, ಅವರ ಚಾರಣ ಗುಂಪಿನ ಗೆಳೆಯರು ಚಹಾ ಕಾಯಿಸುತ್ತಿದ್ದರು.

“ಯಾಕೋ ತಡ? ಯಾರು ಹೆದರಿದ್ದು?” ಎಂದ ಕಿಯೂಮರ್ಸ್.

ಬೆಹ್ರಂಗ್ ಮೊಣಕಾಲಿನ ಧೂಳು ಕೊಡವಿದ. “ಇನ್ಯಾರು? ಅತ್ತೇಬಿಟ್ಲು ಪಾಪ. ಹೆಚ್ಚೂಕಡಿಮೆ ಹೊತ್ಕೊಂಡೇ ಬಂದೆ.”

“ಈಗಿನಿಂದಲೇ ಹೊರೋದು ಕಲಿತಿದ್ದಾನೆ!” ಎಲ್ಲರೂ ನಕ್ಕರು.

ತರ್ಲಾನ್ ಅವನನ್ನೇ ನೋಡುತ್ತ ಕಾದಳು. ಅವನು ಮಾತನ್ನು ತಿದ್ದಲಿಲ್ಲ. ಕಣ್ಣು ಮಿಟುಕಿಸಿ, ಬಳಿ ಬಂದು ಪಿಸುಗುಟ್ಟಿದ: “ಮುಂದಿನ ಅಲಗು ಇನ್ನೂ ಕಿರಿದಂತೆ. ಹತ್ತಿರಾನೇ ಇರ್ತೀಯಲ್ಲ?”

ಅವಳು ಲೋಟ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು: “ಕಿಯೂಮರ್ಸ್ ಅವರೇ, ಮುಂದಿನದನ್ನ ಬೆಹ್ರಂಗ್ ಎಲ್ಲರಿಗಿಂತ ಮೊದಲು ದಾಟ್ತಾರಂತೆ. ಹಗ್ಗ ಬೇಡ್ವಂತೆ. ನನಗೆ ಭಯ ನೋಡಿ, ಬಂದ ದಾರೀಲೇ ವಾಪಸ್ ಹೋಗ್ತೀನಿ.”

ಅವಳು ಹೇಗೆ ವಾಪಸ್ ದಾಟುತ್ತಾಳೆಂದು ನೋಡಲು ಎಲ್ಲರೂ ಎದ್ದು ಬಂದರು. ಅಲಗಿನ ಮೇಲೆ ಅವಳು ಎಲ್ಲಿಯೂ ಬಗ್ಗಲಿಲ್ಲ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನೆಟ್ಟಗೆ ನಡೆದುಹೋದಳು. ಹಿಂದೆ ಒಬ್ಬೊಬ್ಬರದಾಗಿ ನಗು ನಿಂತದ್ದು ಕೇಳಿಸಿತು.

ಸಂಜೆ ಅವಳು ಕಲ್ಲುಮನೆಯ ಮುಂದಿದ್ದಾಗ ಅವರು ಇನ್ನೊಂದು ಕಣಿವೆಯಿಂದ ಇಳಿದು ಬಂದರು. ಬೆಹ್ರಂಗ್‌ನ ಸೊಂಟದಲ್ಲಿ ಇನ್ನೂ ಹಗ್ಗವಿತ್ತು. ಅಂಗೈ ತರಚಿತ್ತು. ಯಾರೂ ಅವನೊಡನೆ ಮಾತಾಡುತ್ತಿರಲಿಲ್ಲ.

ಅವನು ಅವಳ ಮುಂದೆ ನಿಂತ. “ಎಲ್ರಿಗೂ ನಿಜ ಹೇಳಿದೆ. ಸುತ್ತೂ ಮುಗಿಸಿದೆ. ಉತ್ತರ ಕೊಡು, ತರ್ಲಾನ್.”

ಅವಳು ಬೆನ್ನುಚೀಲವನ್ನು ಹೆಗಲಿಗೇರಿಸಿದಳು. ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

“ದಣಿವಾಗದಿರಲಿ,” ಎಂದಳು.