ಬಲಕ್ಕೆ ಅಕ್ಕ, ಎಡಕ್ಕೆ ಅವಳು

ಆದರೆ ಕಿಡ್ನಿ ಅಕ್ಕನದು. ಅದನ್ನು ಪಣಕ್ಕಿಡಲು ತನಗೇನು ಹಕ್ಕು?

ಫೋಟೋ ಫ್ರೇಮಿಗೆ ಗಾಜು ಕೊಯ್ಯುತ್ತಿದ್ದವನ ಕೈ ನಿಂತಿತು. ಕಾಯಿಲೆ ಅವನ ಗಂಡಸುತನವನ್ನು ಕಿತ್ತುಕೊಂಡಿತ್ತು. ಅಕ್ಕನ ಕಿಡ್ನಿ ಹಾಕಿಸಿಕೊಂಡ ಮೇಲೂ ಅದು ಮರಳಲಿಲ್ಲ; ಮಾತ್ರೆಗಳೂ ನಾಟಲಿಲ್ಲ. ಉಳಿದದ್ದು, ನೀರು ತುಂಬಿಸಿ ಬಿಗಿಸುವ ಸಾಧನವನ್ನು ಒಳಗೆ ಕೂರಿಸುವ ಇಂಪ್ಲಾಂಟ್ ಆಪರೇಷನ್.

"ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದ್ರೆ ಬೇರೆಯವರಷ್ಟೇ ಒಳ್ಳೆ ಫಲ ಸಿಗುತ್ತೆ," ಎಂದಿದ್ದರು ಡಾಕ್ಟರು. "ನಂಜಾದ್ರೆ ಕಿಡ್ನಿಗೂ ತೊಂದ್ರೆ. ಹಾಗಾಗದಂತೆ ನೋಡ್ಕೋಬೇಕು, ಅಷ್ಟೆ."

ಆ 'ಅಷ್ಟೆ'ಯಲ್ಲೇ ಅವನು ಸಿಕ್ಕಿಬಿದ್ದಿದ್ದ.

ಅಂಗಡಿಯ ಆಚೆ ತುದಿಯಲ್ಲಿ ಹೆಂಡತಿ ಕನ್ನಡಿ ಒರೆಸುತ್ತಿದ್ದಳು. ಅದರಲ್ಲಿ ಇಬ್ಬರ ಕಣ್ಣು ಕೂಡಿದವು. ಅವನು ನೋಟ ತಿರುಗಿಸಿದ.

"ರಾತ್ರಿಯೂ ಹೀಗೇ, ಗೋಡೆ ಕಡೆ ತಿರುಗಿ ಮಲಗ್ತೀರ," ಎಂದಳು. "ನನಗಿಂತ ಗೋಡೆನೇ ಚೆಂದ ಇರಬೇಕು."

"ಹಾಗಲ್ಲ ಕಣೇ."

"ಮತ್ತೆ ಹೇಗೆ?"

ತಮಾಷೆ ಮಾಡಹೊರಟ ದನಿ ನಡುಗಿಬಿಟ್ಟಿತು. ತಾನು ಬೇಡವಾದೆನೆಂದು ಇವಳು ತಿಳಿದಿದ್ದಾಳೆ!

ಅಂದು ಸಂಜೆ ಅಕ್ಕನ ಮನೆಗೆ ಹೋದ. ಇಸ್ತ್ರಿ ಮಾಡುತ್ತಿದ್ದ ಅಕ್ಕನ ಮುಂದೆ ನೆಲ ನೋಡುತ್ತ, ತೊದಲುತ್ತ, ಹೇಗೋ ಹೇಳಿ ಒಪ್ಪಿಗೆ ಕೇಳಿದ.

"ಥೂ, ಇದನ್ನೆಲ್ಲ ನನ್ನ ಹತ್ರ ಕೇಳ್ತಾರೇನೋ, ಮಂಕೇ!" ಅಕ್ಕನ ಕಿವಿ ಕೆಂಪಾಗಿದ್ದವು. ಇನ್ನೊಂದು ಅಂಗಿ ಹರವಿಕೊಂಡು ಮೆಲ್ಲಗೆ ಹೇಳಿದಳು: "ನೀನು ಬದುಕ್ಲಿ ಅಂತ ಕೊಟ್ಟೆ ಕಣೋ. ಅದಕ್ಕೆ ಕಾವಲು ಕೂತ್ಕೊಳ್ಳಲಿ ಅಂತ ಅಲ್ಲ."

ಮನೆಗೆ ಬಂದವನೇ ಹೆಂಡತಿಗೆ ಹೇಳಿದ. "ಗೋಡೆಗೆ ತಿರುಗಿದ್ದು ನಾಚಿಕೆಗೆ. ಆಪರೇಷನ್ ಮಾಡಿಸ್ಕೋತೀನಿ."

"ನೀವಿದ್ರೆ ಸಾಕು ನಂಗೆ."

"ನಂಗೆ ಸಾಲದು."

ಅವಳು ಅಳುತ್ತಲೇ ನಕ್ಕಳು.

ಆಪರೇಷನ್ ಆಯಿತು. ನಂಜಾಗದೆ ಗಾಯ ಮಾಯಿತು. ಕಿಡ್ನಿ ಮೊದಲಿನಂತೆಯೇ ಇತ್ತು. ಡಾಕ್ಟರು ಇನ್ನು ಪರವಾಗಿಲ್ಲ ಎಂದ ದಿನ ಅಂಗಡಿಗೆ ಮಧ್ಯಾಹ್ನವೇ ಬಾಗಿಲು ಬಿತ್ತು.

ಪರದೆಯ ಸಂದಿಯಿಂದ ಬಿಸಿಲು ಹಾಸಿಗೆಗೆ ಬಿದ್ದಿತ್ತು. ಅವಳ ಬೆರಳು ಅವನ ಹೊಟ್ಟೆಯ ಬಲಗಡೆ, ಹಳೆಯ ಗಾಯದ ಗೆರೆಯ ಮೇಲೆ ನಿಂತಿತು.

"ಇಲ್ಲಿ ನಿಮ್ಮಕ್ಕ ಇದ್ದಾರಲ್ಲ. ನಂಗೆ ನಾಚಿಕೆ."

"ಅದಕ್ಕೇ ಇಂಪ್ಲಾಂಟಿನ ನೀರಿನ ಚೀಲಾನ ಎಡಗಡೆ ಇಟ್ಟಿದ್ದಾರೆ. ಅಕ್ಕನಿಗೆ ತೊಂದ್ರೆ ಆಗಬಾರದು ಅಂತ."

"ಹಾಗಾದ್ರೆ ನಾನೂ ಎಡಗಡೆಗೇ ಬರ್ತೀನಿ, ಸರೀನಾ ರೀ?"

ಗೋಡೆಗೆ ಬೆನ್ನು ಹಾಕಿ ಅವನು ಅವಳ ಕಡೆ ತಿರುಗಿದ. ಎಷ್ಟೋ ಹೊತ್ತಿನ ಮೇಲೆ, ಅವನ ತೋಳಿನಲ್ಲಿ ಮುಖ ಹುದುಗಿಸಿಕೊಂಡು ಅವಳು ಪಿಸುಗುಟ್ಟಿದಳು:

"ರೀ, ಈ ಆಪರೇಷನ್ ವಿಷಯ ನಿಮ್ಮಕ್ಕನಿಗೆ ಗೊತ್ತಿಲ್ಲ ತಾನೆ? ಗೊತ್ತಾದ್ರೆ ಅವರ ಎದುರು ತಲೆ ಎತ್ತೋದು ಹೇಗೆ?"

ಅವನು ಅವಳ ಕೂದಲು ನೇವರಿಸಿದ. ಅಕ್ಕನನ್ನು ಕೇಳಿಕೊಂಡೇ ಆಸ್ಪತ್ರೆಗೆ ಹೋದದ್ದೆಂದು ಅವಳಿಗೆ ಎಂದೂ ಹೇಳಲಿಲ್ಲ.