ಕೇಬಲ್ಲಿನ ತುದಿಯ ಕೆಂಪು

ಭಾನುವಾರ ಚರ್ಚು ಬಿಡುವ ಹೊತ್ತಿಗೆ ಊರಿಗೆ ಊರೇ ಮೂಕವಾಗಿತ್ತು. ಯಾರ ಮನೆಯ ಟೆಲಿಫೋನಿನ ಹಿಡಿ ತಿರುಗಿಸಿದರೂ ಉತ್ತರವಿಲ್ಲ. ಟೆಲಿಫೋನ್ ಕಚೇರಿಯ ನೆಲಮಾಳಿಗೆಯಲ್ಲಿ ಮುಖ್ಯ ಕೇಬಲ್ ಎರಡು ತುಂಡಾಗಿ ನೇತಾಡುತ್ತಿತ್ತು. ತುದಿಗಳಿಗೆ ಕೆಂಪು ಮೆತ್ತಿತ್ತು, ನೆಲದ ಮೇಲೂ ಕೆಂಪು ಹನಿಗಳು.

ಪೊಲೀಸರಿಗೆ ಅಷ್ಟೇ ಸಾಕಾಯಿತು. ಓಹಾಯೊದ ಆ ಊರಿನಲ್ಲಿ ತಂತಿ ಕೆಲಸಗಾರರ ಮುಷ್ಕರ ನಡೆದಿತ್ತು. ಮುಂದಾಳು ಓಟ್ಟೋ ಬ್ರಾಂಟ್‌ನ ಅಂಗೈಗೆ ಬಟ್ಟೆ ಸುತ್ತಿತ್ತು. ಎಳೆದುಕೊಂಡು ಹೋಗಿ ಒಳಗೆ ಹಾಕಿದರು.

ಸೋಮವಾರ ಬೆಳಿಗ್ಗೆ ಪತ್ತೇದಾರ ಎಬೆನ್ ಮರ್ಸರ್ ಮೊದಲು ನೆಲಮಾಳಿಗೆಗೆ ಇಳಿದ. ಆ ಕೆಂಪನ್ನು ಉಗುರಿನಿಂದ ಕೆರೆದು ಮೂಸಿದ. ಆಮೇಲೆ ಜೈಲಿಗೆ ನಡೆದ.

"ಕೈಗೇನಾಯ್ತು?"

"ಸೌದೆ ಸೀಳ್ತಿದ್ದೆ. ಹೆಂಡ್ತಿ ನೋಡಿದಾಳೆ. ಹೆಂಡ್ತಿ ಸಾಕ್ಷಿ ಯಾರಿಗ್ ಬೇಕು?"

"ಕೇಬಲ್ ಕತ್ತರಿಸ್ತೀನಿ ಅಂದಿದ್ಯಂತೆ?"

"ಬಿಯರ್ ಕುಡ್ದು ಅಂದಿದ್ದೆ. ಪೋಪ್ ಆಗ್ತೀನಿ ಅಂತಾನೂ ಅಂದಿದ್ದೆ. ಯಾರೂ ನನ್ನ ರೋಮ್‌ಗೆ ಕರ್ಕೊಂಡ್ ಹೋಗ್ಲಿಲ್ಲ." ಓಟ್ಟೋ ನಗಲಿಲ್ಲ. "ಐದು ವರ್ಷ ಹಾಕ್ತಾರಂತೆ. ಅಷ್ಟ್ರಲ್ಲಿ ಮಕ್ಕಳಿಗೆ ನನ್ನ ಮುಖ ಮರ್ತೋಗಿರ್ತದೆ."

"ಕೇಬಲ್ ಕತ್ತರಿಸಿದ್ಮೇಲೆ ಏನ್ ಮಾಡ್ಬೇಕು?"

"ತುದಿ ಮುಚ್ಚಬೇಕು. ಒಳಗಿನ ತಂತಿಗೆ ಕಾಗದ ಸುತ್ತಿರ್ತದೆ. ತೇವ ಹಿಡಿದ್ರೆ ಪೂರ್ತಿ ಹಾಳು. ಅಪ್ಪ ಸತ್ತ ಸುದ್ದಿ ಬಂದ್ರೂ ಮೇಣ ಹಚ್ಚೇ ಏಳಬೇಕು. ನನಗೂ ಆಗ ಜೊತೆಗಿದ್ದ ಲೈನಸ್‌ಗೂ ಮೇಸ್ತ್ರಿ ಬೈದು ಬೈದು ಕಲಿಸಿದ್ದು."

"ಸೇಡಿಗೆ ಕತ್ತರಿಸಿದೋನು ಮುಚ್ತಾನಾ?"

"ನಾನಾಗಿದ್ರೆ ಒಂದು ಬಕೆಟ್ ನೀರೂ ಸುರೀತಿದ್ದೆ."

ಮರ್ಸರ್ ಅವನನ್ನು ಕಾವಲಿನಲ್ಲೇ ನೆಲಮಾಳಿಗೆಗೆ ಕರೆತಂದ. ಅಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬ ಕಂಪನಿಯ ಅಧ್ಯಕ್ಷ ಗಿಡಿಯನ್ ಪ್ರಾಟ್. ಇನ್ನೊಬ್ಬ ಮ್ಯಾನೇಜರ್ ಲೈನಸ್ ಹಾರ್ಲನ್. ಒಂದು ಕಾಲದಲ್ಲಿ ಓಟ್ಟೋನ ಜೊತೆ ಕಂಬ ಹತ್ತಿದವನು ಹಾರ್ಲನ್, ಈಗ ಮೂರು ಜಿಲ್ಲೆಗಳ ಟೆಲಿಫೋನು ಅವನ ಕೈಯಲ್ಲಿ. ಮುಷ್ಕರ ಮುರಿ, ಇಲ್ಲವೇ ಕುರ್ಚಿ ಬಿಡು ಎಂದು ಪ್ರಾಟ್ ಅವನಿಗೆ ಹೇಳಿದ್ದು ಊರಿಗೆಲ್ಲ ಗೊತ್ತಿತ್ತು.

"ಪ್ರಾಟ್ ಅವರೇ, ಇದೇನು?" ಮರ್ಸರ್ ಕೇಬಲ್ಲಿನ ತುದಿ ತೋರಿಸಿದ.

"ಆ ಲಫಂಗನ ರಕ್ತ."

"ರಕ್ತ ಅಲ್ಲ, ಅರಗು. ಕಚೇರಿಯ ಕಾಗದಗಳಿಗೆ ಮೊಹರು ಒತ್ತೋ ಕೆಂಪು ಅರಗು. ನೆಲದ ಹನೀನೂ ಅದೇ. ಅದು ಮೇಲಿನ ಮೇಜುಗಳಲ್ಲಿ ಇರ್ತದೆ, ಓಟ್ಟೋ ಕೈಗೆಲ್ಲಿಂದ ಸಿಗ್ಬೇಕು?"

"ನನ್ನ ಮೇಜಿನ ಮೇಲೂ ಇದೆ. ನಾನೇ ಕಳ್ಳನೋ?"

"ಕತ್ತರಿಸಿದ ಕೇಬಲ್‌ಗೆ ತೇವ ತಾಗಬಾರದು ಅಂತ ನಿಮಗೆ ಗೊತ್ತಿತ್ತಾ?"

"ನನಗೆ ಹೇಗೆ ಗೊತ್ತಿರ್ತದೆ? ನಾನು ಕಂಬ ಹತ್ತಿದೋನಲ್ಲ."

"ಮೇಣ ಇರೋ ಉಗ್ರಾಣದ ಮುಂದೆ ಮುಷ್ಕರದವರು ಕೂತಿದ್ರು. ಹಾಗಾಗಿ ಕೈಗೆ ಸಿಕ್ಕ ಅರಗು ಕರಗಿಸಿ ಹಚ್ಚಿದ್ದಾರೆ. ಓಟ್ಟೋಗೆ ಈ ಕೇಬಲ್ ಉಳಿದು ಆಗಬೇಕಾದ್ದೇನಿಲ್ಲ. ಮತ್ತೆ ಜೋಡಿಸಿ ನಡೆಸಬೇಕಾದೋನು, ಕಂಬದ ಮೇಲೆ ಕಲಿತು ಮೇಜಿಗೆ ಬಂದೋನು — ಅಂಥವರು ಇಲ್ಲಿ ಒಬ್ಬರೇ. ಅಲ್ವಾ ಹಾರ್ಲನ್ ಅವರೇ?"

ಹಾರ್ಲನ್ ಮೆಟ್ಟಿಲ ಮೇಲೆ ಕೂತ. "ಮುಷ್ಕರದವರ ತಲೆಗೆ ಬರ್ಲಿ ಅಂತ ಕತ್ತರಿಸ್ದೆ. ಹಾಗೇ ಬಿಟ್ಟು ಹೋಗೋಣ ಅಂದ್ಕೊಂಡೆ. ಮೆಟ್ಟಿಲು ಹತ್ತಿದೆ. ಮನಸ್ಸು ತಡೀಲಿಲ್ಲ, ವಾಪಸ್ ಬಂದೆ."

ಪ್ರಾಟ್ ಟೋಪಿ ಹಾಕಿಕೊಂಡ. "ಹಾರ್ಲನ್‌ನ ಕರ್ಕೊಂಡ್ ಹೋಗಿ. ಕಂಪನಿಗೇನೂ ನಷ್ಟ ಇಲ್ಲ. ಮುಂದಾಳು ಜೈಲು ಸೇರಿದ ಅಂತ ಕೆಲಸದೋರೆಲ್ಲ ಬೆಳಿಗ್ಗೆನೇ ಹಳೇ ಕೂಲಿಗೆ ಒಪ್ಕೊಂಡ್ರು." ಎಂಥ ನೀಚ ಎಂದು ಮರ್ಸರ್‌ಗೆ ಅನ್ನಿಸಿತು. ಆದರೆ ನೀಚತನಕ್ಕೆ ಬೇಡಿ ಹಾಕುವ ಕಾನೂನು ಆ ರಾಜ್ಯದಲ್ಲಿರಲಿಲ್ಲ.

ಓಟ್ಟೋ ಬಂದು ಹಳೆಯ ಗೆಳೆಯನ ಎದುರು ನಿಂತ.

"ಕೇಬಲ್ ಹಾಳಾಗ್ತದೆ ಅಂತ ವಾಪಸ್ ಬಂದ್ಯಲ್ಲ ಲೈನಸ್. ನನ್ನನ್ನ ಎಳ್ಕೊಂಡ್ ಹೋಗುವಾಗ ನೀನು ಕಿಟಕೀಲಿ ನಿಂತಿದ್ದೆ. ಒಂದ್ ಮೆಟ್ಟಿಲೂ ಇಳೀಲಿಲ್ಲ."

ಮರ್ಸರ್ ಕೆರೆದ ಕಡೆ ಅರಗು ಬಿಟ್ಟುಹೋಗಿ ಒಳಗಿನ ತಂತಿಯ ಕಾಗದ ಕಾಣುತ್ತಿತ್ತು. ಹಾರ್ಲನ್ ಅದನ್ನೇ ನೋಡುತ್ತಿದ್ದ.