ಟೇಪಿನ ಇನ್ನೊಂದು ಮಗ್ಗುಲು

ಎಲೆ ತುಂಬಿದ ಮೂರನೆಯ ಚೀಲ ತೂಗಿದಾಗಲೂ ತಕ್ಕಡಿಯ ಮುಳ್ಳು ಏಳರ ಹತ್ತಿರವೇ ನಿಂತಿತು. ಎಲ್ಲ ಸೇರಿ ಇಪ್ಪತ್ತೊಂದು ಕಿಲೋ ಎಂದರು ಟೀಚರ್.

ಗುಬ್ಬಿ ಮುಳ್ಳನ್ನು ಮತ್ತೊಮ್ಮೆ ನೋಡಿದಳು. ಅವಳು ಕ್ಲಾಸಿಗೆ ಹೇಳಿದ್ದು ಇನ್ನೂರು ಕಿಲೋ.

ಮೊನ್ನೆಯ ಗಾಳಿಗೆ ಶಾಲೆಯ ಅಂಗಳದಲ್ಲಿ ಒಂದು ಪೈನ್ ಮರ ಉರುಳಿತ್ತು. ಗುಬ್ಬಿಯ ಚಿಕ್ಕಮ್ಮನಿಗೆ ಕಾಡಿನ ಮರಗಳನ್ನು ಅಳೆಯುವ ಕೆಲಸ. ಒಂದೇ ಒಂದು ಎಲೆ ಕೀಳದೆ, ಬರೀ ಕಾಂಡ ಅಳೆದು, ಮರದ ಎಲೆಯೆಲ್ಲ ಎಷ್ಟು ತೂಗುತ್ತದೆಂದು ಚಿಕ್ಕಮ್ಮ ಹೇಳಬಲ್ಲಳು ಎಂದು ಗುಬ್ಬಿ ಕ್ಲಾಸಿನಲ್ಲಿ ಹೇಳಿದ್ದಳು. ಶುದ್ಧ ಬಡಾಯಿ ಎಂದಿದ್ದ ಲಂಬು. ಅವನು ಕ್ಲಾಸಿಗೆಲ್ಲ ಎತ್ತರದ ಹುಡುಗ, ನಾಲಿಗೆಯೂ ಅಷ್ಟೇ ಉದ್ದ. ಹಾಗಾದರೆ ತೂಗಿಯೇ ನೋಡೋಣ ಎಂದಿದ್ದರು ಟೀಚರ್.

ಇವತ್ತು ಬೆಳಿಗ್ಗೆ ಗುಬ್ಬಿ ಮನೆಯಿಂದ ಚಿಕ್ಕಮ್ಮನ ಟೇಪು ತಂದು, ಕಾಂಡಕ್ಕೆ ಸುತ್ತಿ, ಟೀಚರ ಫೋನಿನಿಂದ ಚಿಕ್ಕಮ್ಮನಿಗೆ ಹೇಳಿದ್ದಳು: ದಪ್ಪ ಅರವತ್ಮೂರು ಸೆಂಟಿಮೀಟರ್. ಅಷ್ಟು ದೊಡ್ಡ ಮರವಾದರೆ ಎಲೆ ಇನ್ನೂರು ಕಿಲೋಗೆ ಕಡಿಮೆಯಿಲ್ಲ, ಸಂಜೆ ನೋಡಲು ಬರುತ್ತೇನೆ ಎಂದಿದ್ದಳು ಚಿಕ್ಕಮ್ಮ.

ಕ್ಲಾಸೆಲ್ಲ ಕೂತು ಸೂಜಿಯಂಥ ಎಲೆಗಳನ್ನು ಕಿತ್ತಿತ್ತು. ಎಲ್ಲರ ಬೆರಳೂ ಅಂಟಂಟು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲೇ," ಎಂದ ಲಂಬು ತಕ್ಕಡಿ ನೋಡಿ.

ತನ್ನನ್ನು ನೋಡಿ ನಕ್ಕರೆ ಗುಬ್ಬಿ ಸಹಿಸಿಯಾಳು. ಆದರೆ ಸಂಜೆ ಇವರೆಲ್ಲ ಚಿಕ್ಕಮ್ಮನನ್ನು ನೋಡಿ ನಗುತ್ತಾರೆ! ಅವಳಿಗೆ ಅಳು ಬಂತು.

ಚಿಕ್ಕಮ್ಮ ಬಂದವಳು ಬಿದ್ದ ಮರ ನೋಡಿ ತಾನೇ ನಕ್ಕುಬಿಟ್ಟಳು.

"ಇದಾ ನಿನ್ನ ರಾಕ್ಷಸ? ಇನ್ನೊಂದ್ಸಲ ಸುತ್ತು. ಈಗ ಟೇಪಿನ ಆ ಮಗ್ಗುಲು ಓದು."

ಟೇಪಿನ ಒಂದು ಮಗ್ಗುಲಲ್ಲಿ ಕಾಂಡದ ಸುತ್ತಳತೆ. ಗುಬ್ಬಿ ಓದಿದ್ದು ಅದನ್ನು. ಇನ್ನೊಂದು ಮಗ್ಗುಲಲ್ಲಿ ಬೇರೆ ಗೆರೆಗಳಿದ್ದವು. ಅವು ಕಾಂಡದ ಅಡ್ಡಗಲವನ್ನೇ ತೋರಿಸುತ್ತಿದ್ದವು. ದಪ್ಪ ಎಂದಾಗ ಚಿಕ್ಕಮ್ಮ ತಿಳಿದುಕೊಂಡದ್ದು ಇದನ್ನು. ಅಲ್ಲಿ ಇಪ್ಪತ್ತು ಎಂದಿತ್ತು.

"ಇಪ್ಪತ್ತಕ್ಕೆ ಎಷ್ಟು ಚಿಕ್ಕಮ್ಮಾ?"

"ಇಪ್ಪತ್ತೆರಡು ಕಿಲೋ ಇರ್ಬೇಕು. ಒಂದೆರಡು ಆಚೀಚೆ."

ತೂಗಿದ್ದು ಎಷ್ಟೆಂದು ಚಿಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ. ಕಾಂಡಕ್ಕೆ ಅದು ಹೇಗೆ ಗೊತ್ತು ಎಂದು ಕೇಳಿದ ಲಂಬು.

"ಎಲೆಗೆಲ್ಲ ನೀರು ಬೇಕಲ್ವಾ? ಅಷ್ಟೂ ನೀರು ಈ ಕಾಂಡದೊಳಗಿಂದಲೇ ಹತ್ಬೇಕು. ಎಲೆ ಎಷ್ಟೋ, ದಾರಿನೂ ಅಷ್ಟು. ನಾವೂ ನಿಮ್ಮ ಹಾಗೇ ಎಷ್ಟೋ ಮರದ ಎಲೆ ಕಿತ್ತು, ತೂಗಿ ಕಲಿತಿದ್ದು."

ಗುಬ್ಬಿ ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಪೈನ್ ಮರದ ಬಳಿ ಹೋಗಿ ಕಾಂಡಕ್ಕೆ ಕೆನ್ನೆಯಿಟ್ಟಳು. ಏನೂ ಕೇಳಿಸಲಿಲ್ಲ. ತಲೆಯೆತ್ತಿದರೆ ಎಣಿಸಲಾಗದಷ್ಟು ಎಲೆ. ಅವಷ್ಟೂ ಈಗ, ಇದೇ ಹೊತ್ತಿನಲ್ಲಿ, ತನ್ನ ಕೆನ್ನೆಯ ಕೆಳಗಿನಿಂದ ನೀರು ಕುಡಿಯುತ್ತಿವೆ. ಅವಳ ಮೈ ಜುಮ್ಮೆಂದಿತು.

"ಇದರಲ್ಲಿ ಎಷ್ಟು ಕಿಲೋ ಇರುತ್ತೆ?" ಲಂಬು ಮೆಲ್ಲಗೆ ಕೇಳಿದ.

ಗುಬ್ಬಿಯ ನಾಲಿಗೆಯ ತುದಿಗೆ ಒಂದು ದೊಡ್ಡ ಸಂಖ್ಯೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಟೇಪಿನ ತುದಿ ಹಿಡ್ಕೋ," ಎಂದಳು.